ಗಿಡ್ಡ ಗಾಡಿಗೆ ಪಟ್ಟಾ

"ತೂಕ ಮಾಡಾಕ ತಂದಿಲ್ಲ ಬೇ, ಗಾಡಿಗಿ ಹಾಕಾಕ ತಂದೀನಿ."

ದುಂಡೇಶ ಗಿರಣಿಯ ತಕ್ಕಡಿಯ ಮೇಲೆ ಧೊಪ್ಪನೆ ಇಟ್ಟ ಗೋಣಿಚೀಲವನ್ನು ತಂಗಿ ನೀಲಮ ಬಿಚ್ಚಿ ನೋಡಿದಳು. ಒಳಗೆ ಹೊಚ್ಚ ಹೊಸ ಚೈನು, ಅದರ ಜೊತೆಗೆ ದೊಡ್ಡದೊಂದು ಸಣ್ಣದೊಂದು ಹಲ್ಲಿನ ಚಕ್ರ. ಚೀಲದ ಎಣ್ಣೆ ಆಗಲೇ ತಕ್ಕಡಿಯ ತಟ್ಟೆಗೆ ಇಳಿದಿತ್ತು. ಇನ್ನು ಅದನ್ನು ಸೋಪು ಹಾಕಿ ತೊಳೆಯದೆ ಯಾರ ಗೋದಿಯನ್ನೂ ತೂಗುವಂತಿರಲಿಲ್ಲ. ಅಂಕಲಿಯ ಈ ಗಿರಣಿಗೆ ಬಂದು ಏನಾದರೊಂದು ಹೊಲಸು ಮಾಡದೆ ಹೋದರೆ ದುಂಡೇಶನಿಗೆ ಬಂದಂತೆಯೇ ಅನ್ನಿಸುತ್ತಿರಲಿಲ್ಲ.

"ಚೈನ್ ಹಾಕೂದು ಇನ್ನೂ ಪಕ್ಕಾ ಆಗಿಲ್ಲಣ್ಣಾ," ಎಂದಳು ನೀಲಮ, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು.

"ಅದರಾಗ ಪಕ್ಕಾ ಮಾಡೂದೇನೈತಿ? ಅಪ್ಪಾ ಚೈನ್ ಹಾಕಿದ್ದ, ನಾವೂ ಚೈನ್ ಹಾಕೂದು. ಅಪ್ಪನ ಗಾಡಿ ಅಪ್ಪನ ಹಂಗ ಇರಬೇಕು. ಇನ್ನ ಇಪ್ಪತ್ತ ದಿನಕ್ಕ ಐನಾಪುರದಾಗ ಗಾಡಿ ಓಡಸೂ ಶರ್ಯತ್ತು ಐತಿ. ದ್ರಾಕ್ಷಿ ತೋಟದ ಬಾಪುಸಾಹೇಬರು ಸುಗ್ಗಿ ಮುಗೀತಂತ ಖಾಲಿ ಹೊಲದಾಗ ಇಟ್ಟಾರ. ಮನ್ಯಾಗ ಮಾಡಿದ ಗಾಡಿ ಅಷ್ಟ ಬರಬೇಕು, ಕಂಪನೀವು ಬ್ಯಾಡ ಅಂದಾರ. ನಾ ಹೆಸರ ಕೊಟ್ಟ ಬಂದೀನಿ. ನಿಂದೂ ಕೊಟ್ಟೀನಿ."

ತಟ್ಟೆ ಒರೆಸುತ್ತಿದ್ದ ನೀಲಮಳ ಕೈ ನಿಂತಿತು. "ನಂದೂ?"

"ಹೂಂ ಮತ್ತ. ಗಾಡಿಗೆ ಇಬ್ಬರ ಹೆಸರ ಕೇಳ್ಯಾರ. ಓಡಸಾವ ದುಂಡೇಶ, ತಳ್ಳಾಕಿ ನೀಲಮ."

ಇದನ್ನು ಅವನು ತಂಗಿಗೆ ಪಂಚಮಿಯ ಸೀರೆ ತಂದುಕೊಟ್ಟವನ ಮುಖ ಮಾಡಿಕೊಂಡು ಹೇಳಿದ. ಮೈ ಉರಿಯುವುದು ಅಲ್ಲಿಯೇ. ಬೈದು ಹೇಳಿದ್ದರೆ ತಿರುಗಿ ಬೈಯಬಹುದಿತ್ತು. ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಗೆ ಕೂತಿದ್ದ ಹೆಂಗಸರ ಮುಂದೆ ಜಗಳ ಬೇಡವೆಂದು ನೀಲಮ ಚೈನಿನ ಚೀಲವನ್ನು ಗೋಡೆಯ ಗೂಟಕ್ಕೆ ನೇತುಹಾಕಿ, "ನೋಡ್ತೀನಿ," ಎಂದಳು. ನೋಡ್ತೀನಿ ಎಂದರೆ ಹೂಂ ಎಂದೇ ಅರ್ಥ ಎಂದುಕೊಂಡು ಬೆಳೆದ ದುಂಡೇಶ ಬೈಕು ಹತ್ತಿ ಹೋದ.

ಗೋ ಕಾರ್ಟ್ ಎಂಬ ಹೆಸರು ಆ ಮನೆಗೆ ತಿಳಿದದ್ದು ಮೊಬೈಲ್ ಬಂದ ಮೇಲೆ. ಅದಕ್ಕೂ ಮುಂಚೆ ಅದು ಬರೀ ಗಿಡ್ಡ ಗಾಡಿ. ಇಪ್ಪತ್ತೆಂಟು ವರ್ಷದ ಹಿಂದೆ ಅವರಪ್ಪ ಮುರಗೆಪ್ಪ ಕೊಲ್ಲಾಪುರದ ಯಾವುದೋ ಪ್ರದರ್ಶನದಲ್ಲಿ ಅಂಥದೊಂದನ್ನು ನೋಡಿ ಬಂದು, ನೀರಿನ ಪೈಪು ಬೆಸೆದು, ಔಷಧ ಹೊಡೆಯುವ ಪಂಪಿನ ಇಂಜಿನ್ ಕೂಡಿಸಿ ತಾನೇ ಒಂದು ಮಾಡಿದ್ದ. ಇಂಜಿನ್ನಿನಿಂದ ಹಿಂದಿನ ಅಚ್ಚಿಗೆ ನೇರ ಚೈನು. ನಡುವೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಗಾಲಿ ತಿರುಗಿದರಷ್ಟೇ ಇಂಜಿನ್ ತಿರುಗುತ್ತಿತ್ತು. ಹಾಗಾಗಿ ಅದನ್ನು ಚಾಲೂ ಮಾಡಬೇಕೆಂದರೆ ಒಬ್ಬರು ಹಿಂದಿನಿಂದ ತಳ್ಳಿಕೊಂಡು ಓಡಬೇಕು, ಇಂಜಿನ್ ಗುಡುಗಿದ ಕೂಡಲೇ ಕೈ ಬಿಡಬೇಕು. ನಿಂತರೆ ಮತ್ತೆ ಅದೇ ಪಾಡು. ಇದಕ್ಕೆಂದೇ ಮುರಗೆಪ್ಪ ಗಾಡಿಯ ಬೆನ್ನಿಗೆ ಅಡ್ಡ ಪೈಪಿನದೊಂದು ಹಿಡಿಕೆ ಬೆಸೆದಿದ್ದ. ಹನ್ನೊಂದು ವರ್ಷದ ನೀಲಮಳ ಎದೆಯ ಮಟ್ಟಕ್ಕೆ ಅದು ಬರುತ್ತಿತ್ತು. ಅಳತೆ ತೆಗೆದುಕೊಂಡೇ ಮಾಡಿದ್ದನೋ ಏನೋ.

ಐದು ವರ್ಷ ತಳ್ಳಿದಳು. ಹೊಳೆಯ ದಾರಿಗುಂಟ, ಬರಿಗಾಲಲ್ಲಿ, ಬಾಯಿಗೆ ಹೊಗೆ ಕುಡಿಯುತ್ತ. ಇಂಜಿನ್ ಹತ್ತಿಕೊಂಡಾಗ ಕೈ ಬಿಟ್ಟು ನಿಲ್ಲುವಳು, ದುಂಡೇಶ ಕೇಕೆ ಹಾಕುತ್ತ ಕಬ್ಬಿನ ತಿರುವಿನಲ್ಲಿ ಮರೆಯಾಗುವನು. "ನಾಳಿ ನಿನ್ನ ಪಾಳಿ," ಎಂದು ಪ್ರತಿ ದಿನ ಹೇಳುತ್ತಿದ್ದ. ಒಮ್ಮೆ ಅಪ್ಪನಿಗೇ ಕೇಳಿದಳು. ಮುರಗೆಪ್ಪ ನಕ್ಕು, "ಹುಚ್ಚಿ, ನಿನ್ನ ಪರಕಾರ ಚೈನಿನ್ಯಾಗ ಸಿಗತೈತಿ," ಎಂದಿದ್ದ. ಒಳ್ಳೆಯ ಮನುಷ್ಯನೇ. ಲಂಗ ಸಿಕ್ಕು ಮಗಳ ಕಾಲು ಮುರಿದೀತೆಂಬ ಕಾಳಜಿಯೇ. ಆದರೆ ಪರಕಾರ ಸಿಕ್ಕಿಕೊಳ್ಳದಂಥ ಗಾಡಿ ಮಾಡೋಣ ಎಂದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ಹದಿನಾಲ್ಕರ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಪರಕಾರವನ್ನು ಮೊಳಕಾಲಿಗೆ ಬಿಗಿಯಾಗಿ ಕಟ್ಟಿಕೊಂಡು ನೀಲಮ ಗಾಡಿಯಲ್ಲಿ ಹೋಗಿ ಕೂತಳು. ಸ್ಟೇರಿಂಗ್ ಹಿಡಿದು, "ಅಣ್ಣಾ, ತಳ್ಳ ಬಾ," ಎಂದು ಕೂಗಿದಳು. ದುಂಡೇಶ ಬಾಗಿಲಿಗೆ ಬಂದು ನೋಡಿ, ಪೆಟ್ರೋಲ್ ಇಲ್ಲ ಎಂದು ಒಳಗೆ ಹೋದ. ಎಮ್ಮೆಗೆ ನೀರು ಕುಡಿಸಲು ಅವ್ವ ಕರೆಯುವವರೆಗೂ ಅವಳು ಹಾಗೇ ಕೂತಿದ್ದಳು. ಟಾಕಿಯಲ್ಲಿ ಪೆಟ್ರೋಲ್ ಇತ್ತು, ಅವಳು ನೋಡಿದ್ದಳು.

ಈಗ ಅಪ್ಪನಿಲ್ಲ. ಹಿಟ್ಟಿನ ಧೂಳು ಒಗ್ಗದ ದುಂಡೇಶ ಕಬ್ಬಿನ ಹೊಲ, ಟ್ರ್ಯಾಕ್ಟರು, ರಸ್ತೆಯ ಮೇಲೊಂದು ಗ್ಯಾರೇಜು ನೋಡಿಕೊಂಡಿದ್ದ. ಗಿರಣಿ ನೀಲಮಳ ಪಾಲಿಗೆ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಗಂಡ ಅಥಣಿ ಕಡೆ ಸಕ್ಕರೆ ಕಾರ್ಖಾನೆಯ ನೌಕರ, ಕಬ್ಬಿನ ಹಂಗಾಮಿನಲ್ಲಿ ವಾರಕ್ಕೊಮ್ಮೆ ಬರುವವನು. ಹೀಗಾಗಿ ಅವಳೂ ಅವ್ವ ಶಿವಗಂಗವ್ವನೂ ಗಿರಣಿಯ ಹಿಂದಿನ ಮನೆಯಲ್ಲೇ ಇದ್ದರು. ಸಂಕ್ರಮಣದ ಹೊತ್ತಿಗೆ ಹಿತ್ತಲಿನ ಕಬ್ಬಿನ ಒಣಗರಿಯ ರವದಿ ಸರಿಸುವಾಗ ಗಿಡ್ಡ ಗಾಡಿಯ ಮೂಳೆ ಸಿಕ್ಕಿತು. ಎರಡು ತಿಂಗಳು ತುಕ್ಕಿನ ಜಂಗು ಕೆರೆದಳು, ಬಣ್ಣ ಹಚ್ಚಿದಳು, ದ್ರಾಕ್ಷಿ ತೋಟದವರು ಗುಜರಿಗೆ ಹಾಕಿದ್ದ ಕಳೆ ತೆಗೆಯುವ ಮಷಿನ್ನಿನ ಇಂಜಿನ್ ತಂದು ಬಿಚ್ಚಿ ಕೂಡಿಸಿದಳು. ಅಷ್ಟು ದಿನ ದುಂಡೇಶ ಆ ಕಡೆ ಇಣುಕಲಿಲ್ಲ. ಐನಾಪುರದ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಅವನಿಗೆ ಅಪ್ಪನ ನೆನಪು ಉಕ್ಕಿ ಬಂದದ್ದು.

ಮರುದಿನ ನೀಲಮ ಗಿರಣಿಯ ಬಾಗಿಲಿಗೆ ಕೀಲಿ ಹಾಕಿ ಚಿಕ್ಕೋಡಿಗೆ ಹೋದಳು. ಲೇಥ್ ಕೆಲಸದ ಶ್ರೇಣಿಕ ಅವಳ ಗಿರಣಿಯ ಪುಲ್ಲಿಗಳನ್ನು ಕಡೆದುಕೊಡುವವನು. ಮಾತು ಜಾಸ್ತಿ, ಕೆಲಸ ಚೊಕ್ಕ.

"ಮೂರ್ನಾಕ ದಾರಿ ಅದಾವ ನೋಡ್ರಿ ಅಕ್ಕಾರ," ಎಂದು ಅವನು ಬೆರಳು ಮಡಚಿದ. "ಒಂದು, ನಿಮ್ಮಪ್ಪನ ನಮೂನಿ ನೇರ ಚೈನ್. ಹಗರ, ಜೋರ ಓಡತೈತಿ."

"ಅದಕ್ಕ ತಳ್ಳಾವರ ಬೇಕೇನ್ರಿ?"

"ಬೇಕಲ್ರಿ ಮತ್ತ. ಎರಡನೇದು, ಬ್ಯಾಟರಿ ಮೋಟರ್. ಸಪ್ಪಳಿಲ್ಲ, ಹೊಗಿಯಿಲ್ಲ. ಆದ್ರ ಬ್ಯಾಟರಿ ಭಾಳ ವಜ್ಜಿ. ಐನಾಪುರದ ಎರಿ ಮಣ್ಣಾಗ ನಾಕ ಸುತ್ತ ಹಾಕೂದ್ರಾಗ ಖಾಲಿ. ಆಮ್ಯಾಲ—"

"ಆಮ್ಯಾಲ ತಳ್ಳಬೇಕು."

ಶ್ರೇಣಿಕ ನಕ್ಕ. "ಎಲ್ಲಾದಕ್ಕೂ ಅದನ್ನ ಕೇಳಾಕತ್ತೀರಲ್ರಿ! ಮೂರನೇದು ಕೇಳ್ರಿ. ಚೈನ, ಆದ್ರ ನಡುವ ದುಂಡನ ಕ್ಲಚ್. ಇಂಜಿನ್ ಜೋರ ಆದಂಗ ತಾನ ಹಿಡಕೋತೈತಿ, ಸಾವಕಾಶ ಆದ್ರ ತಾನ ಬಿಡತೈತಿ. ತಳ್ಳೂದ ಬ್ಯಾಡ. ಪುಣೆಯಿಂದ ತರಸ್ತೀನಿ. ನನ್ನ ಕೇಳಿದ್ರ ಇದ ಬರೋಬರ."

ನೀಲಮ ಆ ಕ್ಲಚ್ಚಿನ ಚಿತ್ರವನ್ನು ಅವನ ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಆಸೆಯಾಯಿತು. ಸುಳ್ಳು ಯಾಕೆ ಹೇಳಬೇಕು, ಭಾರೀ ಆಸೆಯಾಯಿತು. "ಇದು ಕೆಟ್ಟರ?" ಎಂದು ಕೇಳಿದಳು.

"ಕೆಟ್ಟರ ನಿಮ್ಮಣ್ಣನ ಗ್ಯಾರೇಜ್ ಐತೆಲ್ರಿ."

ಅವಳು ಮೊಬೈಲನ್ನು ತಿರುಗಿ ಕೊಟ್ಟಳು. "ಬ್ಯಾಡ್ರಿ. ಪಟ್ಟಾ ಹಾಕೂಣು."

"ಪಟ್ಟಾ? ಬೆಲ್ಟ್? ಅಕ್ಕಾರ, ಅದೇನ ಗಿರಣಿ ಏನ್ರಿ?"

"ಗಿರಣಿನ ತಿಳಕೊಳ್ರಿ. ಇಂಜಿನ್ನಿಗೊಂದು ಸಣ್ಣ ಪುಲ್ಲಿ, ಅಚ್ಚಿಗೊಂದು ದೊಡ್ಡ ಪುಲ್ಲಿ, ನಡುವ ಸಡ್ಲ ಪಟ್ಟಾ. ಅದನ್ನ ಒತ್ತಿ ಬಿಗಿ ಮಾಡಾಕ ಮ್ಯಾಲೊಂದು ಪುಲ್ಲಿ, ಅದಕ್ಕೊಂದು ಕೈ. ಜಗ್ಗಿದ್ರ ಪಟ್ಟಾ ಬಿಗಿ ಆಗಿ ಗಾಡಿ ಹೊಂಡತೈತಿ. ಬಿಟ್ಟರ ಇಂಜಿನ್ ಒಂದ ತಿರಗತೈತಿ, ಗಾಡಿ ನಿಲ್ಲತೈತಿ. ಆ ಕಳೆ ಮಷಿನ್ನಿನ್ಯಾಗೂ ಇದ ಇತ್ತು. ನಿಂತ ಜಾಗಾದಾಗ ಹಗ್ಗ ಎಳದು ಚಾಲೂ ಮಾಡಬಹುದು. ಕೆಟ್ಟರ ನಾನ ರಿಪೇರಿ ಮಾಡಾಕಿ, ಯಾರನ್ನೂ ಕರಿಯೂದ ಬ್ಯಾಡ."

ಶ್ರೇಣಿಕ ತಲೆ ಕೆರೆದುಕೊಂಡ. ಪಟ್ಟಾ ಜಾರುತ್ತದೆ, ಸ್ವಲ್ಪ ಜೋರು ಕಡಿಮೆಯಾಗುತ್ತದೆ, ಚೈನಿನ ಗಾಡಿಗಳ ಮುಂದೆ ಹಿಂದೆ ಬೀಳುತ್ತೀರಿ ಎಂದೆಲ್ಲ ಹೇಳಿ ನೋಡಿದ. ಎಲ್ಲ ಖರೆಯೇ. ನೀಲಮ ಪುಲ್ಲಿಯ ಅಳತೆ ಬರೆಸಿ ಎದ್ದಳು. ಹೊರಗೆ ಬರುವಾಗ ಅವಳಿಗೆ ಯಾಕೋ ಎದೆ ಹಗುರಾಗಿ, ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಎರಡು ಗ್ಲಾಸ್ ಕಬ್ಬಿನ ಹಾಲು ಕುಡಿದಳು.

ಎಂಟು ದಿನದಲ್ಲಿ ಪುಲ್ಲಿಗಳು ಬಂದವು. ರಬ್ಬರಿನ ಪಟ್ಟಾ ಹಾಕಿ, ಕಬ್ಬಿಣದ ಸಳಿಯೊಂದನ್ನು ಬಗ್ಗಿಸಿ ಕೈ ಮಾಡಿ, ನೀಲಮ ಹಿತ್ತಲಿನಲ್ಲಿ ಮೊದಲ ಸಲ ಹಗ್ಗ ಎಳೆದಳು. ಇಂಜಿನ್ ಹತ್ತಿಕೊಂಡಿತು. ಗಾಡಿ ನಿಂತೇ ಇತ್ತು. ಇಂಜಿನ್ ಓಡುತ್ತಿರುವಾಗ ಈ ಗಾಡಿ ನಿಂತದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೂತು, ಕಾಲಲ್ಲಿ ಪೆಟ್ರೋಲ್ ಒತ್ತಿ, ಕೈ ಜಗ್ಗಿದಳು. ಗಾಡಿ ಒಂದು ಮಾರು ಹೋಗಿ ನಿಂತಿತು. ಪಟ್ಟಾ ಪುಲ್ಲಿಯ ಮೇಲೆ ಚೀರುತ್ತ ಜಾರುತ್ತಿತ್ತು, ರಬ್ಬರ್ ಸುಟ್ಟ ವಾಸನೆ.

ಅದೇ ಹೊತ್ತಿಗೆ ದುಂಡೇಶ ಹಿತ್ತಲ ಬಾಗಿಲಿಗೆ ಬಂದು ನಿಂತಿರಬೇಕೇ? ನಿಂತಿದ್ದ. ಪುಲ್ಲಿ ನೋಡಿದ, ಪಟ್ಟಾ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ಲೇ ಇದು! ಶರ್ಯತ್ತಿಗೆ ಹೊಂಟೀಯೋ ಹಿಟ್ಟ ಬೀಸಾಕ ಹೊಂಟೀಯೋ?"

ಸಿಟ್ಟಿನಲ್ಲಿ ಮಾಡಿದ ಕೆಲಸ ಕೆಡುತ್ತದೆ ಎಂದು ನೀಲಮಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎದ್ದಳು, ದಡದಡ ಗಿರಣಿಗೆ ಹೋಗಿ ಗೋಡೆಯ ಮಾಡದಲ್ಲಿದ್ದ ರಾಳದ ಉಂಡೆ ತಂದಳು. ಗಿರಣಿಯ ಅಗಲ ಪಟ್ಟಾ ಜಾರಿದರೆ ಓಡುವ ಪಟ್ಟಾಕ್ಕೇ ರಾಳ ಒತ್ತುತ್ತಾರೆ, ಅದು ಅಂಟಿಕೊಂಡು ಎಳೆಯುತ್ತದೆ. ಇಪ್ಪತ್ತು ವರ್ಷ ಅದೇ ಮದ್ದು, ಒಮ್ಮೆಯೂ ಮೋಸ ಮಾಡಿರಲಿಲ್ಲ. ಇಲ್ಲಿಯೂ ಅಷ್ಟೇ ಎಂದುಕೊಂಡು ರಬ್ಬರಿನ ಪಟ್ಟಾಕ್ಕೆ ಎರಡೂ ಮಗ್ಗುಲು ಉಜ್ಜಿದಳು, ಕೂತಳು, ಜಗ್ಗಿದಳು.

ಈ ಸಲ ಗಾಡಿ ಹಾರಿತು. ಹಿತ್ತಲು ದಾಟಿ, ಬಾವಿಕಟ್ಟೆ ಸುತ್ತಿ, ಅಂಗಳಕ್ಕೆ ಬಂತು. ಅಂಗಳದಲ್ಲಿ ಶಿವಗಂಗವ್ವ ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಸೀರೆಯ ಮೇಲೆ ಹಾಕಿದ್ದ ಕುರಡಗಿ ಸಂಡಿಗೆ ಒಣಗುತ್ತಿದ್ದವು. ನೀಲಮ ಕೈ ಬಿಟ್ಟಳು. ಪಟ್ಟಾ ಸಡಿಲಾಗಬೇಕಿತ್ತು, ಆಗಲಿಲ್ಲ. ಬಿಸಿಯಾದ ರಾಳ ಅದನ್ನು ಪುಲ್ಲಿಗೆ ಅಂಟಿಸಿಬಿಟ್ಟಿತ್ತು. ಗಿರಣಿಯಲ್ಲಿ ನಿಲ್ಲಿಸುವುದು ಕೈಯ ಕೆಲಸ, ಕಾಲಿಗೆ ಅಲ್ಲಿ ಕೆಲಸವೇ ಇಲ್ಲ. ಹಾಗಾಗಿ ಅವಳು ಕೈಯಿಂದ ಸಳಿಯನ್ನು ಹಿಂದೆ ಮುಂದೆ ಮಾಡುತ್ತಲೇ ಇದ್ದಳು, ಕಾಲು ಬ್ರೇಕಿಗೆ ಹೋಗದೆ ಪೆಟ್ರೋಲಿನ ಮೇಲೆಯೇ ಇತ್ತು. ಗಾಡಿ ಕುರಡಗಿಯ ಮೇಲಿಂದ ಹಾದು, ಸೀರೆಯನ್ನು ಎಳೆದುಕೊಂಡು, ಮೇವಿನ ಬಣವೆಗೆ ಹೊಕ್ಕು ನಿಂತಿತು. ಸಳಿ ಹಗ್ಗದ ಹಾಗೆ ಬಾಗಿತ್ತು.

ದುಂಡೇಶ ಓಡಿ ಬಂದ. ತಂಗಿಗೆ ಏನೂ ಆಗಿಲ್ಲವೆಂದು ನೋಡಿಕೊಂಡ ಮೇಲೆ ಅವನಿಗೆ ಧೈರ್ಯ ಬಂತು. "ಪರಕಾರ ಸಿಗತೈತಿ ಅಂತ ಅಪ್ಪಾ ಸುಮ್ಮನ ಅಂದಿರಲಿಲ್ಲ! ತೆಗಿ ಆ ಪಟ್ಟಾ. ಚೈನ್ ಹಾಕು. ನಾ ಕುಂದರತೀನಿ, ನೀ ತಳ್ಳು, ಚಂದ ಆಗತೈತಿ."

ನೀಲಮ ಕೂದಲಲ್ಲಿದ್ದ ಕಣಿಕೆಯ ರವದಿ ತೆಗೆಯುತ್ತ ಎದ್ದಳು. ಮೊಣಕೈ ತರಚಿತ್ತು. "ಇಪ್ಪತ್ತ ವರ್ಷ ಗೋಡಿಯಷ್ಟ ದೊಡ್ಡ ಪಟ್ಟಾದ ಮಗ್ಗಲಕ್ಕ ನಿಂತೀನಣ್ಣಾ. ನನ್ನ ಸೀರಿ ಒಮ್ಮಿನೂ ಸಿಕ್ಕಿಲ್ಲ. ಚೈನ್ ಹಾಕೂದಿಲ್ಲ. ಹೋಗು."

"ಹಾಕ್ತಿ, ಹಾಕ್ತಿ. ನಾ ನೋಡೀನಿ ನಿನ್ನ," ಎಂದು ದುಂಡೇಶ ನಗುತ್ತಲೇ ಹೋದ.

ಶಿವಗಂಗವ್ವ ಕಟ್ಟೆಯ ಮೇಲೆ ನಿಂತು ಎಲ್ಲ ನೋಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಈಗ ಬೈಗುಳದ ಮಳೆ ಸುರಿಯುತ್ತದೆಂದು ನೀಲಮ ತಲೆ ತಗ್ಗಿಸಿಕೊಂಡು ಪುಡಿಯಾದ ಕುರಡಗಿ ಆರಿಸತೊಡಗಿದಳು. ಅವ್ವ ನಿಧಾನವಾಗಿ ಇಳಿದು ಬಂದು ಎದುರಿಗೆ ಕೂತಳು.

"ತಾನ ಹೋತಲ್ಲ?"

"ಏನಬೇ?"

"ಗಾಡಿ. ಯಾರೂ ತಳ್ಳದ ತಾನ ಹೋತಲ್ಲ ಅಂದ್ನಿ."

"ಹೋತು. ನಿಲ್ಲಲಿಲ್ಲ."

"ನಿಲ್ಲಸೂದ ಕಲೀತಿ, ಅದೇನ ದೊಡ್ಡದು." ಶಿವಗಂಗವ್ವ ಒಂದಿಷ್ಟು ಚೂರು ಆರಿಸಿ ಮೊರಕ್ಕೆ ಹಾಕಿದಳು. ಆಮೇಲೆ ಮಗಳ ಮುಖ ನೋಡದೆ, "ಆವತ್ತ ಮಧ್ಯಾನ ನೀ ಗಾಡ್ಯಾಗ ಕುಂತಿದ್ದಿ. ನಾ ಅಡಗಿ ಮನಿ ಕಿಡಕ್ಯಾಗಿಂದ ನೋಡಾಕತ್ತಿದ್ನಿ. ಬಂದು ತಳ್ಳಬೇಕಂತ ಅನಸಿತ್ತು. ಮಂದಿ ಏನಂತಾರಂತ ಬರಲಿಲ್ಲ. ಎಮ್ಮಿಗಿ ನೀರ ಕುಡಸಂತ ಒದರಿದ್ನಿ," ಎಂದಳು.

ನೀಲಮಳಿಗೆ, ಇಪ್ಪತ್ತೈದು ವರ್ಷ ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದ ಆ ಮಧ್ಯಾಹ್ನವನ್ನು ಅವ್ವನೂ ಹೊತ್ತುಕೊಂಡಿದ್ದಳಲ್ಲ ಎಂದು ಸಂಕಟವಾಯಿತು, ಸಂಕಟದ ಜೊತೆಗೆ ಸಿಟ್ಟೂ ಬಂತು. ಬಂದು ತಳ್ಳಿದ್ದರೆ ಏನಾಗುತ್ತಿತ್ತು? ಇಬ್ಬರೂ ಕೂಡಿ ಕುರಡಗಿ ಆರಿಸಿ ಮುಗಿಸಿದರು. ಹಾಳಾದದ್ದು ಅರ್ಧ, ಉಳಿದದ್ದು ಅರ್ಧ.

ಮರುದಿನ ತಂಪು ಹೊತ್ತಿನಲ್ಲಿ ಗಾಡಿಯ ಮುಂದೆ ಕೂತು ಯೋಚಿಸಿದಾಗ ತನ್ನ ತಪ್ಪು ಅವಳಿಗೆ ಸರಿಯಾಗಿ ಕಂಡಿತು. ಗಿರಣಿಯ ಪಟ್ಟಾ ಬೆಳಿಗ್ಗೆ ಹಿಡಿದದ್ದು ಸಂಜೆಯವರೆಗೂ ಬಿಡಬಾರದು. ಈ ಪಟ್ಟಾ ಹಾಗಲ್ಲ, ಹಿಡಿ ಎಂದಾಗ ಹಿಡಿಯಬೇಕು, ಬಿಡು ಎಂದಾಗ ಬಿಡಬೇಕು. ಇದಕ್ಕೆ ರಾಳ ಹಚ್ಚಿದ್ದು ಬರೀ ಕೈಯ ರೂಢಿ. ಹಾಗಾದರೆ ಜಾರಿದ್ದೇಕೆ? ಎರಡು ಪುಲ್ಲಿಗಳ ಮಗ್ಗುಲಿಗೆ ದಾರ ಹಿಡಿದು ನೋಡಿದಳು. ಒಂದು ಬೆರಳು ಓರೆ ಇತ್ತು. ಗಿರಣಿಯಲ್ಲಿ ಹೊಸ ಪಟ್ಟಾ ಹಾಕುವಾಗ ಮೊದಲು ಮಾಡುವ ಕೆಲಸವೇ ಅದು, ಇಲ್ಲಿ ಗಡಿಬಿಡಿಯಲ್ಲಿ ಮರೆತಿದ್ದಳು. ತನಗೇ ನಗು ಬಂತು. ಪಟ್ಟಾವನ್ನು ಬಿಚ್ಚಿ ಸೋಡಾ ಪುಡಿ ಹಾಕಿ ತೊಳೆದು ನೆರಳಲ್ಲಿ ಒಣಗಿಸಿದಳು, ಇಂಜಿನ್ ಸಡಿಲಿಸಿ ದಾರಕ್ಕೆ ಸರಿಯಾಗಿ ಕೂಡಿಸಿದಳು.

ಉಳಿದದ್ದು ಕೈ. ತೆಳ್ಳನೆಯ ಸಳಿ ಎಷ್ಟು ಜಗ್ಗಿದರೂ ತಾನೇ ಬಾಗುತ್ತಿತ್ತು, ಪಟ್ಟಾಕ್ಕೆ ಜೋರು ತಲುಪುತ್ತಲೇ ಇರಲಿಲ್ಲ. ಗಟ್ಟಿ ಪೈಪು ಬೇಕು. ಹಿತ್ತಲೆಲ್ಲ ಹುಡುಕಿದಳು. ಒಂದು ತುಕ್ಕು ಹಿಡಿದಿತ್ತು, ಒಂದು ಗಿಡ್ಡಾಯಿತು. ಹುಡುಕುತ್ತ ಗಾಡಿಯ ಬೆನ್ನಿಗೆ ಬಂದು ನಿಂತಾಗ ಅವಳ ಎರಡೂ ಕೈ ತಾವಾಗಿಯೇ ಹಿಡಿಕೆಯ ಮೇಲೆ ಹೋಗಿ ಕೂತವು. ಈಗ ಅದು ಅವಳ ಸೊಂಟಕ್ಕಷ್ಟೇ ಬರುತ್ತಿತ್ತು, ತುಸು ಬಗ್ಗಬೇಕಾಯಿತು. ಉಳಿದ ಗಾಡಿಯೆಲ್ಲ ಜಂಗು ತಿಂದು ಬಣ್ಣದಡಿಯಲ್ಲೂ ತರಿತರಿಯಾಗಿದ್ದರೂ ಆ ಪೈಪು ಮಾತ್ರ ಎರಡು ಕಡೆ ನುಣ್ಣಗಿತ್ತು. ಐದು ವರ್ಷದ ಅಂಗೈ ಬೆವರಿಗೆ ಜಂಗು ಹತ್ತಲಾರದಷ್ಟು ಸವೆದಿತ್ತೋ ಏನೋ. ನೀಲಮ ಅದನ್ನು ಗೇಣು ಹಾಕಿ ಅಳೆದಳು. ಆಮೇಲೆ ಒಳಗೆ ಹೋಗಿ ಗರಗಸದ ಬ್ಲೇಡು ತಂದಳು.

ಕೊಯ್ಯಲು ಅರ್ಧ ತಾಸು ಹಿಡಿಯಿತು. ಅಪ್ಪನ ಬೆಸುಗೆ ಗಟ್ಟಿ. ಶಿವಗಂಗವ್ವ ಚಹಾ ತಂದವಳು ಗಾಡಿಯ ಬೋಳು ಬೆನ್ನು ನೋಡಿದಳು, ಮಗಳ ಕೈಯಲ್ಲಿದ್ದ ಪೈಪು ನೋಡಿದಳು, "ಉಪ್ಪಿಟ್ಟ ಮಾಡಲಿ?" ಎಂದಳು. ಸಂಜೆಯೊಳಗೆ ಆ ಪೈಪು ಸೀಟಿನ ಬಲಮಗ್ಗುಲಿಗೆ ಕೈಯಾಗಿ ಕೂತಿತ್ತು, ನುಣ್ಣಗಿನ ಭಾಗ ಮೇಲಾಗಿ.

ಶರ್ಯತ್ತಿನ ದಿನ ಗಾಡಿ ಐನಾಪುರಕ್ಕೆ ಹೋದದ್ದು ದ್ರಾಕ್ಷಿ ಬುಟ್ಟಿ ಸಾಗಿಸುವ ಟೆಂಪೋದಲ್ಲಿ, ತಾಡಪತ್ರಿ ಹೊದ್ದುಕೊಂಡು. ಟೆಂಪೋದವನು ಗಿರಣಿಯ ಗಿರಾಕಿ. ಶಿವಗಂಗವ್ವ ಮುಂದಿನ ಸೀಟಿನಲ್ಲಿ ಕೂತು ಬಂದಳು. ದುಂಡೇಶ ಬೈಕಿನಲ್ಲಿ ಬೇರೆಯೇ ಬಂದಿದ್ದ, ಹೊಸ ಬಿಳಿ ಬೂಟು, ತಲೆಗೆ ಕೆಂಪು ಹೆಲ್ಮೆಟ್ಟು. ತಂಗಿ ಚೈನ್ ಹಾಕಿದಳೋ ಇಲ್ಲವೋ ಎಂದು ಅವನು ಫೋನ್ ಮಾಡಿಯೂ ಕೇಳಿರಲಿಲ್ಲ. ಕೇಳುವ ರೂಢಿಯೇ ಇರಲಿಲ್ಲ.

ಬಾಪುಸಾಹೇಬರು ದ್ರಾಕ್ಷಿ ತೋಟದ ಮಗ್ಗುಲಿನ ಹೊಲಕ್ಕೆ ಸುಣ್ಣದ ಗೆರೆ ಹೊಡೆಸಿದ್ದರು. ಹತ್ತು ಹನ್ನೊಂದು ಗಾಡಿ. ಒಂದಕ್ಕೆ ಬೈಕಿನ ಇಂಜಿನ್, ಒಂದಕ್ಕೆ ರಿಕ್ಷಾದ್ದು, ಒಂದಕ್ಕೆ ಬಾಗಿಲೇ ಸೀಟು. ಎಲ್ಲ ಚೈನಿನವೇ, ಎಲ್ಲವುಗಳ ಹಿಂದೆಯೂ ಒಬ್ಬೊಬ್ಬ ತಳ್ಳುವವನು ಪ್ಯಾಂಟು ಮಡಚಿ ನಿಂತಿದ್ದ. ಧ್ವನಿವರ್ಧಕದಲ್ಲಿ ಬಾಪುಸಾಹೇಬರು ಅರ್ಧ ಕನ್ನಡ ಅರ್ಧ ಮರಾಠಿ ಕೂಗುತ್ತಿದ್ದರು. "ಚಲಾ, ಚಲಾ! ಗಾಡಿ ಲೈನಿಗೆ ತಗೊಂಡ ಬರ್ರಿ! ಅಂಕಲಿ ದುಂಡೇಶ, ಕುಠೇ ಆಹೇಸ್, ಎಲ್ಲಿ ಅದೀಯೋ?"

ದುಂಡೇಶ ಹೆಲ್ಮೆಟ್ ಬಿಗಿದುಕೊಂಡು ಗೆರೆಯ ಬಳಿಗೆ ಬಂದ. ಗಾಡಿ ಅಲ್ಲಿ ಇತ್ತು. ನೀಲಮ ಅದರ ಮಗ್ಗುಲಿಗೆ ನಿಂತು ಹಗ್ಗ ಎಳೆದಳು. ಇಂಜಿನ್ ಡಬಡಬ ಹತ್ತಿಕೊಂಡಿತು, ಗಾಡಿ ನಿಂತೇ ಇತ್ತು. ಅಕ್ಕಪಕ್ಕದ ತಳ್ಳುವವರು ತಿರುಗಿ ನೋಡಿದರು.

"ಪಟ್ಟಾನ ಹಾಕ್ಕೊಂಡ ಬಂದಿ?" ದುಂಡೇಶ ಸುತ್ತಲೂ ನೋಡಿ ಧ್ವನಿ ತಗ್ಗಿಸಿದ. "ಇರ್ಲಿ ಬಿಡು, ಈಗೇನ ಮಾಡಾಕ ಬರತೈತಿ. ಸರಿ, ನಾ ಕುಂದರತೀನಿ."

ಅಷ್ಟರಲ್ಲಿ ನೀಲಮ ಕೂತಾಗಿತ್ತು.

"ಏಳಲೇ. ಮಂದಿ ನೋಡಾಕತ್ತಾರ."

"ನೋಡ್ಲಿ."

"ಓಡಸಾವ ದುಂಡೇಶ ಅಂತ ಬರಸೀನಿ ನಾ!"

"ಬರಸಾಕಿಂತ ಮದಲ ನನ್ನ ಕೇಳಬೇಕಿತ್ತು. ಜಂಗ ಕೆರದಾಕಿ ನಾ, ಪಟ್ಟಾ ಹಾಕಿದಾಕಿ ನಾ. ಐದ ವರ್ಷ ನಾಳಿ ನಾಳಿ ಅಂದಿ. ಇವತ್ತ ನಾಳಿ ಬಂದೈತಿ, ಅತ್ಲಾಗ ಸರಿ."

ಜನ ಗೆರೆಯ ಹತ್ತಿರಕ್ಕೆ ಒತ್ತಿಕೊಂಡು ಬಂದರು. ಯಾರೋ ಸೀಟಿ ಹೊಡೆದರು, ಯಾರೋ "ಅಕ್ಕಾ, ಸೀರಿ!" ಎಂದು ಕೂಗಿದರು. ಶಿವಗಂಗವ್ವ ಗದ್ದಲದ ನಡುವಿನಿಂದ ದಾರಿ ಮಾಡಿಕೊಂಡು ಬಂದಳು. ಕೂಗಿದವನ ಕಡೆ ಒಮ್ಮೆ ದಿಟ್ಟಿಸಿ ನೋಡಿದಳು, ಅವನು ಬಾಯಿ ಮುಚ್ಚಿದ. ಮಗಳ ಸೆರಗನ್ನು ತಾನೇ ಎಳೆದು, ಎರಡು ಸುತ್ತು ಸೊಂಟಕ್ಕೆ ಸುತ್ತಿ, ಗಟ್ಟಿಯಾಗಿ ಸಿಕ್ಕಿಸಿದಳು. "ನಿಲ್ಲಸಾಕ ಕಾಲ ನೆನಪಿಟ್ಟಕೊ," ಎಂದಳು. "ಹೋಗು."

ಬಾಪುಸಾಹೇಬರಿಗೆ ಹೊತ್ತಾಗುತ್ತಿತ್ತು. ಓಡಿಸುವವರು ಯಾರು, ತಳ್ಳುವವರು ಯಾರು ಎಂಬ ಗೋಜು ಅವರಿಗೆ ಬೇಕಿರಲಿಲ್ಲ. "ಇಬ್ಬರ ಹೆಸರ ಅದಾವಲ್ಲ, ಬಸ್! ದುಂಡೇಶ, ಮಾಗೆ ಜಾ, ಹಿಂದ ಹೋಗಿ ನಿಲ್ಲು! ಎಲ್ಲಾರೂ ತಯಾರ?"

ಊರ ಮಂದಿಯ ಮುಂದೆ ಒಬ್ಬನೇ ಬಯಲಲ್ಲಿ ನಿಲ್ಲುವುದಕ್ಕಿಂತ ಗಾಡಿಯ ಹಿಂದೆ ನಿಲ್ಲುವುದೇ ಲೇಸು ಎನ್ನಿಸಿರಬೇಕು. ದುಂಡೇಶ ಕೆಂಪು ಹೆಲ್ಮೆಟ್ಟಿನೊಳಗೆ ಬೆವರುತ್ತ ಹಿಂದಕ್ಕೆ ಹೋದ. ಅಕ್ಕಪಕ್ಕದವರು ಹಿಡಿಕೆ ಹಿಡಿದು ಬಗ್ಗಿದ್ದರು. ಅವನೂ ಬಗ್ಗಿದ.

ನೀಲಮ ತಿರುಗಿ ನೋಡಲಿಲ್ಲ. ಗೆಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಶ್ರೇಣಿಕ ಹೇಳಿದ್ದು ಖರೆ. ಬಲಗೈಯಲ್ಲಿ ಪೈಪಿನ ನುಣ್ಣಗಿನ ಭಾಗವಿತ್ತು. ಹನ್ನೊಂದರ ವಯಸ್ಸಿನಿಂದ ಗೊತ್ತಿದ್ದ ಪೈಪು, ಇಲ್ಲಿಯವರೆಗೆ ಮುಂದಕ್ಕೆ ದೂಡಿದ್ದೇ. ಕೇಸರಿ ಬಾವುಟ ಕೆಳಗೆ ಬಿತ್ತು. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

ಪಟ್ಟಾ ಹಿಡಿಯಿತು. ಉಳಿದ ಗಾಡಿಗಳು ಇನ್ನೂ ತಳ್ಳುವವರ ಏದುಸಿರಿನಲ್ಲಿ ಕೆಮ್ಮುತ್ತಿರುವಾಗ ಗಿಡ್ಡ ಗಾಡಿ ಸುಣ್ಣದ ಗೆರೆ ದಾಟಿ, ಎರೆ ಮಣ್ಣಿನ ಧೂಳೆಬ್ಬಿಸಿಕೊಂಡು ಮೊದಲ ತಿರುವಿನ ಕಡೆಗೆ ಹೊರಟಿತು. ಶಿವಗಂಗವ್ವ ಬಾಯಿಗೆ ಸೆರಗು ಹಿಡಿದು ಏನೋ ಕೂಗಿದಳು, ಗದ್ದಲದಲ್ಲಿ ಕೇಳಿಸಲಿಲ್ಲ.

ಗೆರೆಯ ಹಿಂದೆ ದುಂಡೇಶ ಇನ್ನೂ ಬಗ್ಗಿಯೇ ನಿಂತಿದ್ದ. ಅವನ ಎರಡೂ ಕೈ ಮುಂದಕ್ಕೆ ಚಾಚಿದ್ದವು, ಪೈಪು ಹಿಡಿಯುವವನ ಹಾಗೆ ಬೆರಳು ಅರ್ಧ ಮಡಚಿದ್ದವು. ಧೂಳು ನಿಧಾನವಾಗಿ ಇಳಿದು ಬಂದು ಅವನ ಹೊಸ ಬಿಳಿ ಬೂಟಿನ ಮೇಲೆ ಕೂತಿತು.